ಎರಡು ರೂಪಾಯಿ ಊಟದಿಂದ ಮಾಟುಂಗಾ ಹೋಟೆಲಿನವರೆಗೆ

ಡೊಂಬಿವಲಿಯ ರಘು ಚಿಕ್ಕಪ್ಪ ಬೆಳಿಗ್ಗೆ ಐದೂವರೆಗೇ ನಮ್ಮ ಮನೆಯವರ ವಾಟ್ಸಾಪ್ ಗುಂಪು ‘ಹಾಡಿಮನೆ ಬಳಗ’ಕ್ಕೆ ಒಂದು ಫಾರ್ವರ್ಡ್ ಹಾಕಿದ್ದರು. ಮೇಲೆ ಜೋಡಿ ಬಾಣದ ಗುರುತು. ಅಂದರೆ ದೇಶವೆಲ್ಲ ಸುತ್ತಿ ಬಂದದ್ದು.

“17ನೇ ಲೋಕಸಭೆಯ (2019–24) ಬಣ್ಣ ಬಯಲು! ಐದು ವರ್ಷ ಡೆಪ್ಯುಟಿ ಸ್ಪೀಕರೇ ಇಲ್ಲ. ಲೋಕಸಭೆಯ 146 ಜನರನ್ನು ಹೊರಗೆ ಹಾಕಿ ಐಪಿಸಿ (ದಂಡ ಸಂಹಿತೆ) ಬದಲಾಯಿಸಿದರು. ಸಂಸತ್ತಿನ ಕ್ಯಾಂಟೀನಿನಲ್ಲಿ ಮಾತ್ರ ಇವತ್ತಿಗೂ ಎರಡು ರೂಪಾಯಿಗೆ ಊಟ!!”

ಕೆಳಗೆ ಚಿಕ್ಕಪ್ಪನದೇ ಒಂದು ಸಾಲು: “ನಮ್ಮ ಟ್ಯಾಕ್ಸ್ ದುಡ್ಡು.”

ಮುಲುಂಡಿನ ಪ್ರಜ್ಞಾ ಲಾಯರ್. ಸುಮ್ನೆ ಬಿಡುವವಳಲ್ಲ.

“ಚಿಕ್ಕಪ್ಪ, ಎಲ್ಲಿಂದ ಬಂತು ಇದು? ಡೆಪ್ಯುಟಿ ಸ್ಪೀಕರ್ ಇರಲಿಲ್ಲ ಅನ್ನೋದು ನಿಜ. ಆದಷ್ಟು ಬೇಗ ಆರಿಸಬೇಕು ಅಂತ ಸಂವಿಧಾನದ 93ನೇ ವಿಧಿಯಲ್ಲೇ ಇದೆ. ಆದರೆ 146 ಎರಡೂ ಸದನ ಸೇರಿ. ಲೋಕಸಭೆಯಿಂದ 100, ರಾಜ್ಯಸಭೆಯಿಂದ 46. ಡಿಸೆಂಬರ್ 2023. ಲೋಕಸಭೆಯೊಳಗೆ ಯಾರೋ ಹೊಗೆ ಡಬ್ಬಿ ಹಿಡಿದು ಹಾರಿದರಲ್ಲ, ಅದಕ್ಕೆ ಗೃಹ ಸಚಿವರು ಉತ್ತರ ಕೊಡಲಿ ಅಂತ ಈ ವಿರೋಧ ಪಕ್ಷದ ಸಂಸದರು ಗಲಾಟೆ ಮಾಡಿದ್ದರು. ಕ್ಯಾಂಟೀನ್ ಸಬ್ಸಿಡಿ 2021ರ ಜನವರಿಯಲ್ಲೇ ನಿಂತಿದೆ. ಸಸ್ಯಾಹಾರಿ ಥಾಲಿಗೆ 100 ರೂಪಾಯಿ ಮಾಡಿದರು.”

“ಒಟ್ಟು 146 ಸರಿ ತಾನೇ?” ಅಂದರು ಚಿಕ್ಕಪ್ಪ.

ದೊಡ್ಡಪ್ಪ ಬಂದರು. “ಸಾಕ್ಷಿ ಕೇಳೋದು ಕೋರ್ಟಿನಲ್ಲಮ್ಮ, ಮನೆಯಲ್ಲಲ್ಲ. ಹಿರಿಯರು ಹೇಳಿದ್ದನ್ನು ಮೊದಲು ಕೇಳಬೇಕು.” ಫಾರ್ವರ್ಡನ್ನು ಅವರು ಓದಿರಲಿಲ್ಲ, ಅದಂತೂ ಖಂಡಿತ. ಕೊನೆಗೆ ಕೈ ಮುಗಿದ ಎರಡು ಚಿತ್ರ.

ಅಷ್ಟರಲ್ಲಿ ಸತೀಶನಿಗೆ ಹಳೆಯದೆಲ್ಲ ನೆನಪಾಯಿತು. “ಎರಡು ರೂಪಾಯಿ ಅಂದ ಕೂಡಲೇ ಮಾಟುಂಗಾದ ನಮ್ಮ ಹೋಟೆಲ್ ಕಣ್ಣ ಮುಂದೆ ಬಂತು. ಸಾಂಬಾರ್ ಎಷ್ಟು ಸಲ ಕೇಳಿದರೂ ಹಾಕ್ತಿದ್ದರು. ಗಲ್ಲಾಪೆಟ್ಟಿಗೆ ಪಕ್ಕ ಸೋಂಪಿನ ತಟ್ಟೆ, ಅದರಲ್ಲಿ ಗಿಡ್ಡ ಹಿಡಿಯ ಚಮಚ. ನಾವು ಮಕ್ಕಳು ಬರೀ ಸಕ್ಕರೆ ಹೆಕ್ಕಿ ತಿಂತಿದ್ದೆವು.”

ಎಂಟು ಹೃದಯ ಬಿದ್ದವು. ಲೋಕಸಭೆ ಅಲ್ಲಿಗೇ ಮುಗಿಯಿತು ಅಂದುಕೊಂಡೆ.

ಠಾಣೆಯ ಸುಮತಿ ಅತ್ತೆ ಗುಂಪಿನಲ್ಲಿ ಬರೆಯುವುದೇ ಅಪರೂಪ. “ಆ ಗಲ್ಲಾ ಹಿಂದೆ ಕೂತು ಲೆಕ್ಕ ಬರೀತಿದ್ದವರು ಯಾರು ಅಂತಲೂ ನೆನಪಿದೆಯಾ ಸತೀಶ? ಮಾರುವಾಗ ಮಾತ್ರ ನನ್ನನ್ನು ಯಾರೂ ಕೇಳಲಿಲ್ಲ.”

ಹೃದಯ ಹಾಕಿದವರೆಲ್ಲ ನಾಪತ್ತೆ.

ಪ್ರಜ್ಞಾಳಿಗೆ ಇಷ್ಟು ಸಾಕಾಯಿತು. “17ನೇ ಲೋಕಸಭೆಗೆ ಗೆದ್ದು ಬಂದ ಹೆಂಗಸರು 78. ನಮ್ಮ ಹೋಟೆಲ್ ಮಾತುಕತೆಯಲ್ಲಿ ಸೊನ್ನೆ.”

“ಅವರಿಗೆ ಮೂರನೇ ಒಂದು ಪಾಲು ಕೊಡೋ ಕಾಯಿದೆಯನ್ನೂ ಇದೇ ಲೋಕಸಭೆ ಪಾಸ್ ಮಾಡಿತಲ್ಲ!” ಚಿಕ್ಕಪ್ಪ ತಟ್ಟನೆ ಪಕ್ಷ ಬದಲಿಸಿದರು.

“ಹೌದು, ಸೆಪ್ಟೆಂಬರ್ 2023. ಆದರೆ ಜನಗಣತಿ ಆಗಿ, ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದ ಮೇಲೇ ಜಾರಿ ಅಂತ ಕಾಯಿದೆಯಲ್ಲೇ ಬರೆದಿದ್ದಾರೆ.”

ಅತ್ತೆ: “ನನ್ನ ಪಾಲಿನ ದುಡ್ಡೂ ಹಾಗೇ. ಕೊಡ್ತೇವೆ ಅಂದಿದ್ದಾರೆ, ಯಾವಾಗ ಅಂತ ಹೇಳಿಲ್ಲ.”

ದೊಡ್ಡಪ್ಪ ಏನೋ ಟೈಪ್ ಮಾಡುತ್ತಲೇ ಇದ್ದರು. ಏನೂ ಬರಲಿಲ್ಲ. ಬದಲಿಗೆ, ಇನ್ನು ಮುಂದೆ ಅಡ್ಮಿನ್ ಮಾತ್ರ ಮೆಸೇಜ್ ಕಳಿಸಬಹುದು ಅಂತ ಪರದೆಯ ಮೇಲೆ ಕಾಣಿಸಿತು. ಅಡ್ಮಿನ್ ಅವರೊಬ್ಬರೇ.

ಮಧ್ಯಾಹ್ನದೊಳಗೆ ಸುಮತಿ ಅತ್ತೆ ಬೇರೆ ಗುಂಪು ಮಾಡಿ, ದೊಡ್ಡಪ್ಪ ಒಬ್ಬರನ್ನು ಬಿಟ್ಟು ಎಲ್ಲರನ್ನೂ ಸೇರಿಸಿದ್ದರು. ಅಲ್ಲಿ ಅವರ ಮೊದಲ ಮೆಸೇಜ್: “ಹೋಟೆಲ್ ಮಾರಿದ ಕಾಗದ ಯಾರ ಹತ್ತಿರ ಇದೆ?”