ಸಹಾಯ ಬೇಕು: ಗೆಜೆಟ್‌ನಲ್ಲಿರುವ ಹಳೆ ಹೆಸರು, ಆಧಾರ್‌ನ ಹಳೆ ಹೆಸರು ತಾಳೆ ಆಗ್ತಿಲ್ಲ

ಆಧಾರ್‌ನಲ್ಲಿ ಪೂರ್ತಿ ಹೆಸರು ಬದಲಾಯಿಸಬೇಕಿದೆ. ಅಫಿಡವಿಟ್, ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳಲ್ಲಿ ಜಾಹೀರಾತು, ಗೆಜೆಟ್ (ಸರ್ಕಾರದ ರಾಜ್ಯಪತ್ರ) ಪ್ರಕಟಣೆ ಎಲ್ಲಾ ಮುಗಿದಿದೆ. ಹೊಸ ಹೆಸರಲ್ಲಿ ತಕರಾರಿಲ್ಲ, ತೊಡಕಿರೋದು ಹಳೇದರಲ್ಲಿ. ಆಧಾರ್‌ನಲ್ಲಿ ಹೆಸರಿನ ಮುಂದೆ ಬರೀ ‘ಎಚ್.ಎಸ್.’ ಇದೆ. ಗೆಜೆಟ್‌ನಲ್ಲಿ ಅದನ್ನೇ ಬಿಡಿಸಿ ಊರಿನ ಹೆಸರು, ತಂದೆ ಹೆಸರು ಅಂತ ಹಾಕಿದ್ದಾರೆ. ನಮ್ಮ ಕಡೆ ಇದು ಮಾಮೂಲು, ಆದರೆ ದಾಖಲೆ ಪರಿಶೀಲಿಸೋರ ಕಣ್ಣಿಗೆ ಇಬ್ಬರು ಬೇರೆ ಬೇರೆ ಮನುಷ್ಯರು!

ಗೆಜೆಟ್ ಪ್ರತಿ ಜೊತೆ ಹಳೆ ಹೆಸರಿನ ವೋಟರ್ ಐಡಿ ಕೊಟ್ಟರೂ ಆಧಾರ್ ಅರ್ಜಿ ತಿರಸ್ಕೃತ. ಮೊದಲು ಆಧಾರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿಕೊಳ್ಳೋಣ ಅಂದ್ರೆ, ಹೆಸರು ತಿದ್ದೋಕೆ ಸಾಮಾನ್ಯವಾಗಿ ಜೀವಮಾನದಲ್ಲಿ 2 ಅವಕಾಶ ಮಾತ್ರ. ಒಂದು ಹಿಂದೆಯೇ ಸ್ಪೆಲಿಂಗ್‌ಗೆ ಹೋಗಿದೆ, ಉಳಿದದ್ದು ಇದಕ್ಕೆ ಖರ್ಚಾದ್ರೆ ಅಸಲಿ ಬದಲಾವಣೆಗೆ ಆಧಾರ್ ಪ್ರಾದೇಶಿಕ ಕಚೇರಿಯ ವಿಶೇಷ ಅನುಮತಿ ಕೇಳಬೇಕಾಗುತ್ತೆ.

ಪ್ಯಾನ್ ಮೊದಲು ಮಾಡಿಸಿ ಅನ್ನಬೇಡಿ. ಆಧಾರ್ ಇ-ಕೆವೈಸಿ (ಆಧಾರ್ ಮಾಹಿತಿಯಿಂದಲೇ ಆನ್‌ಲೈನ್ ಗುರುತು ಪರಿಶೀಲನೆ) ಮೂಲಕ ಹೋದರೆ ಅದು ಆಧಾರ್‌ನ ಹಳೆ ಹೆಸರನ್ನೇ ಎಳೆದುಕೊಳ್ಳುತ್ತೆ. ಕಾಗದ ಕೊಟ್ಟು ಬದಲಾಯಿಸಿದರೆ ಪ್ಯಾನ್, ಆಧಾರ್ ಎರಡಕ್ಕೂ ತಾಳೆ ತಪ್ಪಿ ಬ್ಯಾಂಕು, ಪಿಎಫ್ ಎರಡೂ ಸಿಕ್ಕಿಹಾಕಿಕೊಳ್ಳುತ್ತೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಾಗೇ ಇರಲಿ, ಜೊತೆಗೆ ಗೆಜೆಟ್ ಪ್ರತಿ ತೋರಿಸಿದರೆ ಸಾಕು.

ಈಗ ಪ್ರಶ್ನೆ: ‘ಎರಡೂ ಹೆಸರು ಒಬ್ಬರದೇ’ ಅನ್ನೋ ನೋಟರಿ ಅಫಿಡವಿಟ್ ಲಗತ್ತಿಸಿ ಮತ್ತೆ ಹಾಕಿದರೆ ಆಧಾರ್‌ಗೆ ನಡೆಯುತ್ತಾ, ಅಥವಾ ಗೆಜೆಟ್‌ನಲ್ಲೇ ತಿದ್ದುಪಡಿ ಪ್ರಕಟಿಸಬೇಕಾ? ಇತ್ತೀಚೆಗೆ ಕರ್ನಾಟಕದಲ್ಲಿ ಮಾಡಿಸಿಕೊಂಡವರು ಯಾವ ದಾಖಲೆ ಒಪ್ಪಿದರು ಅಂತ ತಿಳಿಸಿ.