ಎಲೆ ತಿನ್ನೋ ಹೋಟ್ಸಿನ್ ಹಕ್ಕಿ: ಮರಿಗಳ ರೆಕ್ಕೇಲಿ ಉಗುರು ಯಾಕೆ?

ಹಸಿರುಗರಿ:
ದಕ್ಷಿಣ ಅಮೆರಿಕದ ಅಮೆಜಾನ್, ಒರಿನೋಕೊ ನದಿಗಳ ಕಡೆ ಹೋಟ್ಸಿನ್ ಅಂತ ಹಕ್ಕಿ ಇದೆಯಲ್ಲ, ಕೆದರಿದ ಜುಟ್ಟು, ನೀಲಿ ಮುಖ, ಕೆಂಪು ಕಣ್ಣು. ಅದರ ಮರಿಗಳ ರೆಕ್ಕೇಲಿ ಉಗುರಿರೋ ವಿಡಿಯೋ ನೋಡಿದೆ. ಡೈನೋಸಾರ್ ಯುಗದಲ್ಲಿದ್ದ, ರೆಕ್ಕೇಲಿ ಉಗುರಿದ್ದ ಆರ್ಕಿಯಾಪ್ಟೆರಿಕ್ಸ್ ಅನ್ನೋ ಆದಿ ಹಕ್ಕಿಯ ಕಾಲದಿಂದ ಬದಲಾಗದೆ ಉಳಿದಿರೋ ಹಕ್ಕಿ ಅಂತಾರೆ, ನಿಜಾನಾ? ಮತ್ತೆ ಎಲೆ ತಿಂದ್ಕೊಂಡೇ ಒಂದು ಹಕ್ಕಿ ಬದುಕೋದು ಹೇಗೆ?

ನದಿದಂಡೆ:
ಎಲೆ ವಿಷಯ ಮೊದಲು ಹೇಳ್ತೀನಿ, ಯಾಕಂದ್ರೆ ಈ ಹಕ್ಕಿಯ ಮೈಕಟ್ಟೆಲ್ಲ ಅದರ ಸುತ್ತಾನೇ ಇದೆ. ಕುತ್ತಿಗೆ ಬುಡದಲ್ಲಿ ಹಕ್ಕಿಗಳಿಗೆ ಮೇವು ಕೂಡಿಡೋಕೆ ಒಂದು ಚೀಲ ಇರುತ್ತೆ, ಕ್ರಾಪ್ ಅಂತಾರೆ. ಹೋಟ್ಸಿನ್‌ಗೆ ಅದು ಸಿಕ್ಕಾಪಟ್ಟೆ ದೊಡ್ಡದು, ಗೋಡೆ ದಪ್ಪ, ಒಳಗೆ ಏಣುಗಳು, ಎಲೆ ಅಲ್ಲೇ ಅರೆದು ಬ್ಯಾಕ್ಟೀರಿಯಾಗಳಿಂದ ಹುದುಗುತ್ತೆ. ಹಸುವಿನ ಮೊದಲ ಹೊಟ್ಟೇಲಿ ಆಗೋ ಕೆಲಸಾನೇ, ಆದ್ರೆ ಇದು ಮೆಲುಕು ಹಾಕಲ್ಲ. 1989ರಲ್ಲಿ ಸೈನ್ಸ್ ಪತ್ರಿಕೇಲಿ ಇದರ ಬಗ್ಗೆ ಪ್ರಬಂಧ ಬಂತು, ಹೀಗೆ ಹೊಟ್ಟೆಗೆ ಮುಂಚೇನೇ ಎಲೆ ಹುದುಗಿಸಿಕೊಳ್ಳೋ ಹಕ್ಕಿ ಅಂತ ಗೊತ್ತಿರೋದು ಇದೊಂದೇ. ಮೈಯಿಂದ ಸಗಣಿ ವಾಸನೆ ಬರೋದೂ ಈ ಹುದುಗಿಂದಾನೇ.

ಇದಕ್ಕೆ ಬೆಲೆ ತೆತ್ತಿರೋದು ಹಾರಾಟದಲ್ಲಿ. ಆ ಚೀಲಕ್ಕೆ ಜಾಗ ಬಿಡೋಕೆ ಎದೆಮೂಳೆಯ ಮುಂಭಾಗ ಕುಗ್ಗಿದೆ, ಅಲ್ಲಿ ಅಂಟಿಕೊಳ್ಳೋ ಹಾರಾಟದ ಸ್ನಾಯುಗಳೂ ಚಿಕ್ಕವು, ಹಾಗಾಗಿ ಸ್ವಲ್ಪ ದೂರ ಒದ್ದಾಡ್ಕೊಂಡು ಹಾರಿ ಕೂತುಬಿಡುತ್ತೆ. ಎದೆ ಮೇಲೆ ಗಡುಸಾದ ತೊಗಲಿನ ದಿಂಡು ಬೇರೆ, ಚೀಲ ತುಂಬಿದಾಗ ಅದನ್ನ ಕೊಂಬೆಗೆ ಊರಿ ಕೂರುತ್ತೆ.

ಕಾಡುಜಾಡು:
ಉಗುರಿನ ಬಗ್ಗೆ ನಾನು ಹೇಳ್ತೀನಿ. ಗೂಡು ಸಾಮಾನ್ಯವಾಗಿ ನೀರಿನ ಮೇಲೆ ಬಾಗಿರೋ ಕೊಂಬೇಲಿ ಇರುತ್ತೆ. ಹದ್ದೋ ಕೋತಿಯೋ ಬಂದ್ರೆ ಹಾರೋಕೆ ಬಾರದ ಮರಿ ನೀರಿಗೆ ಧುಮುಕುತ್ತೆ, ಈಜಿ ದಡ ಸೇರಿ ಕಾಲು, ಕೊಕ್ಕು, ಒಂದೊಂದು ರೆಕ್ಕೇಲಿರೋ ಎರಡೆರಡು ಉಗುರು ಎಲ್ಲಾ ಬಳಸಿ ಮತ್ತೆ ಗೂಡಿಗೆ ಹತ್ತುತ್ತೆ. ದೊಡ್ಡದಾದಾಗ ಆ ಉಗುರು ಹೋಗುತ್ತೆ. ಬದಲಾಗದೇ ಉಳಿದ ಹಕ್ಕಿ ಅನ್ನೋದನ್ನ ನಾನಂತೂ ಒಪ್ಪಲ್ಲ. ವಂಶ ಹಳೇದು ನಿಜ, ಇದರ ಬಳಗದ ಪಳೆಯುಳಿಕೆ ಫ್ರಾನ್ಸ್‌ನಲ್ಲೂ ನಮೀಬಿಯಾದಲ್ಲೂ ಸಿಕ್ಕಿದೆ, ಆದ್ರೆ ಇಷ್ಟೆಲ್ಲಾ ಮಾರ್ಪಾಡಾಗಿರೋ ಮೈಯನ್ನ ಹಳೇ ಮಾದರಿ ಅನ್ನೋದು ಹೇಗೆ?

ಹಸಿರುಗರಿ:
ಇಬ್ಬರಿಗೂ ಥ್ಯಾಂಕ್ಸ್. ಮೊಟ್ಟೆಯಿಂದ ಬಂದ ಮರಿಗೆ ಆ ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತೆ?

ನದಿದಂಡೆ:
ದೊಡ್ಡ ಹಕ್ಕಿಗಳು ತಮ್ಮ ಚೀಲದಿಂದ ಅರೆಹುದುಗಿದ ಎಲೇನ ಕಕ್ಕಿ ತಿನ್ನಿಸ್ತವೆ, ಅದರ ಜೊತೆಗೇ ಹೋಗುತ್ತೆ. ಇನ್ನೊಂದು ವಿಷಯ, ಆ ಬ್ಯಾಕ್ಟೀರಿಯಾಗಳನ್ನೇ ಒಡೆದು ಪೋಷಕಾಂಶ ತಗೊಳ್ಳೋಕೆ ಲೈಸೋಜೈಮ್ ಅನ್ನೋ ಕಿಣ್ವ ಇದೆ. ಹಸು, ಮುಸುವ, ಹೋಟ್ಸಿನ್ ಮೂರರಲ್ಲೂ ಅದು ಬೇರೆ ಬೇರೆಯಾಗಿಯೇ ವಿಕಾಸವಾಗಿ ಆಮ್ಲದ ಹೊಟ್ಟೇಲಿ ಕೆಲಸ ಮಾಡೋ ಹಾಗೆ ಬದಲಾಗಿದೆ.