ಆರೂ ನರಕೋಶ ಒಂದೇ ತಾಳ ಹಿಡಿಯುತ್ತಿವೆ, ಬಿಡಿಸುವುದು ಹೇಗೆ?

ಪ್ರಶ್ನೆ, ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ಸೂಪರ್ ಮಾರ್ಕೆಟ್ ಹತ್ತಿರ ಆಂಪ್ಲಿಫೈಯರ್ ರಿಪೇರಿ ಅಂಗಡಿ ನನ್ನದು. ಸೋಮವಾರ ಭಜನೆಗೆ ಹಾರ್ಮೋನಿಯಂ ಹಿಡಿಯುತ್ತೇನೆ.

ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ 1990ರ ದಶಕದಲ್ಲಿ ಇಂಟೆಲ್‌ನ ಒಂದು ಚಿಪ್ ಇಟ್ಟುಕೊಂಡು ಸಿಂಥಸೈಜರ್ ನುಡಿಸಿದ್ದರು. ಆ ಚಿಪ್‌ನಲ್ಲಿ 64 ಕೃತಕ ನರಕೋಶ, 10,240 ಜೋಡಣೆ. ಅದನ್ನು ಓದಿದ ದಿನದಿಂದ ನನಗೆ ಬೇರೆ ಏನೂ ತಲೆಗೆ ಹೋಗುತ್ತಿಲ್ಲ. ಆ ಚಿಪ್ ನಮಗೆಲ್ಲಿ ಸಿಗಬೇಕು? 40106 ಐಸಿ ತಂದೆ. ಒಳಗೆ ಆರು ಇನ್ವರ್ಟರ್ ಇವೆ (ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ, ಬಂದ ಸಿಗ್ನಲ್ಲನ್ನು ಉಲ್ಟಾ ಮಾಡಿ ಕೊಡುವ ಪುಟ್ಟ ಸರ್ಕ್ಯೂಟ್), ಆರು ನರಕೋಶ ಆಗಲಿ ಅಂದುಕೊಂಡೆ. ಒಂದೊಂದಕ್ಕೂ 1 ಮೆಗಾ ಓಮ್ ರೆಸಿಸ್ಟೆನ್ಸ್, 1 ಮೈಕ್ರೋಫ್ಯಾರಡ್ ಕಂಡೆನ್ಸರ್ (ವಿದ್ಯುತ್ ತುಂಬಿಟ್ಟುಕೊಳ್ಳುವ ಭಾಗ). 9 ವೋಲ್ಟ್ ಬ್ಯಾಟರಿ.

ಒಂಟಿಯಾಗಿ ಬಿಟ್ಟರೆ ಪ್ರತಿಯೊಂದೂ ತನ್ನ ಪಾಡಿಗೆ ಟಕ್ ಟಕ್ ಅನ್ನುತ್ತದೆ. ಒಂದರ ಔಟ್‌ಪುಟ್‌ನಿಂದ ಇನ್ನೊಂದರ ಕಂಡೆನ್ಸರ್‌ಗೆ ರೆಸಿಸ್ಟೆನ್ಸ್ ಹಾಕಿ ಜೋಡಿಸಿದರೆ ಸ್ವಲ್ಪ ಹೊತ್ತಿಗೇ ಆರೂ ಸೇರಿ ಒಂದೇ ಟಕ್. ನನಗೆ ಬೇಕಾದದ್ದು ಅದಲ್ಲ. ಭಜನೆಯಲ್ಲಿ ತಾಳದವರು ಒಂದು ಪೆಟ್ಟು ಹಾಕಿದರೆ ದಪ್ಪಿನವರು ಅದರ ಸಂದಿನಲ್ಲಿ ಉತ್ತರ ಕೊಡುತ್ತಾರಲ್ಲ, ಹಾಗೆ ಬೇಕು. ನಿಜವಾದ ನರಗಳು ಇದನ್ನು ಹೇಗೆ ಮಾಡುತ್ತವೆ?

ಇನ್ನೊಂದು ವಿಷಯ. ಬೆಳಗ್ಗೆ ಸರಿ ಇದ್ದ ಲಯ ಮಧ್ಯಾಹ್ನ ನಿಧಾನ ಆಗುತ್ತದೆ. ಅಂಗಡಿಗೆ ತಗಡಿನ ಮಾಳಿಗೆ.

ಉತ್ತರ, ಬೀದರ್‌ನಿಂದ:

ಅಣ್ಣಾ, ನಾನು ನರ್ಸಿಂಗ್ ಮಕ್ಕಳಿಗೆ ಶರೀರಕ್ರಿಯೆ ಪಾಠ ಮಾಡುತ್ತೇನೆ. ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿ ಆಯಿತು.

ನರಕೋಶದ ಪೊರೆಯೂ ಕಂಡೆನ್ಸರೇ. ಒಂದು ಚದರ ಸೆಂಟಿಮೀಟರ್‌ಗೆ ಸುಮಾರು 1 ಮೈಕ್ರೋಫ್ಯಾರಡ್, ನೀವು ಹಾಕಿದಷ್ಟೇ! ಸುಮ್ನೆ ಇರುವಾಗ ಒಳಗೆ ಸುಮಾರು ಮೈನಸ್ 70 ಮಿಲಿವೋಲ್ಟ್. ಮೈನಸ್ 55ರ ಆಸುಪಾಸಿಗೆ ಏರಿದರೆ ಒಮ್ಮೆಲೇ ಸಿಡಿಯುತ್ತದೆ, ಅಂದರೆ ವಿದ್ಯುತ್ತಿನ ಒಂದು ಮಿಡಿತ ಕೊಡುತ್ತದೆ. ಒಂದು ಮಿಲಿಸೆಕೆಂಡ್‌ನಲ್ಲಿ ಎಲ್ಲ ಮುಗಿಯಿತು. ಆಮೇಲೆ ಸ್ವಲ್ಪ ಹೊತ್ತು ಎಷ್ಟೇ ಕೆಣಕಿದರೂ ಮತ್ತೆ ಸಿಡಿಯುವುದಿಲ್ಲ.

ನೀವು ಬರೀ ಹುರಿದುಂಬಿಸುವ ಜೋಡಣೆ ಕೊಟ್ಟಿದ್ದೀರಿ. ಒಂದು ಸಿಡಿದರೆ ಉಳಿದವನ್ನೂ ಎಳೆದುಕೊಳ್ಳುತ್ತದೆ. ಮಿದುಳಿನ ಹೊರಪದರದಲ್ಲಿ ಐದರಲ್ಲಿ ಒಂದರಷ್ಟು ಕೋಶಗಳ ಕೆಲಸವೇ ಬೇರೆ, ಪಕ್ಕದವರನ್ನು ತಡೆಯುವುದು. ನಡೆಯುವಾಗ ಒಂದು ಕಾಲಾದ ಮೇಲೆ ಇನ್ನೊಂದು ಹೇಗೆ ಬರುತ್ತದೆ? ಬೆನ್ನುಹುರಿಯಲ್ಲಿ ಎರಡು ಗುಂಪು ಒಂದನ್ನೊಂದು ತಡೆಯುತ್ತವೆ, ಒಂದು ದಣಿದಾಗ ಇನ್ನೊಂದಕ್ಕೆ ಸರದಿ, ಎಂದು ಶರೀರಕ್ರಿಯಾ ವಿಜ್ಞಾನಿ ಗ್ರಹಾಂ ಬ್ರೌನ್ 1911ರಲ್ಲೇ ಹೇಳಿದ್ದರು. ನಿಮ್ಮ ತಾಳ-ದಪ್ಪು ಅದೇ ಅಲ್ವಾ?

ನರದ ಸದ್ದು ಕೇಳಿದವರೂ ಇದ್ದಾರೆ. ಎಡ್ಗರ್ ಏಡ್ರಿಯನ್, 1932ರ ನೊಬೆಲ್ ಪಡೆದವರು. ನೆಲಗಪ್ಪೆಯ ಕಣ್ಣಿನ ನರಕ್ಕೆ ತಂತಿ ಹಚ್ಚಿ ಲೌಡ್‌ಸ್ಪೀಕರ್‌ಗೆ ಕೊಟ್ಟಿದ್ದರು. ಕೋಣೆಯಲ್ಲಿ ಹೆಚ್ಚುಕಡಿಮೆ ಕತ್ತಲು. ಸ್ಪೀಕರ್ ಮತ್ತೆ ಮತ್ತೆ ಸದ್ದು ಮಾಡುತ್ತಿತ್ತು, ಯಾಕೆಂದು ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು: ತಾವು ಓಡಾಡಿದಾಗಲೆಲ್ಲ ಸದ್ದು ಬರುತ್ತಿದೆ, ಕಪ್ಪೆಯ ಕಣ್ಣು ತಮ್ಮನ್ನೇ ನೋಡುತ್ತಿದೆ! ಇದನ್ನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತೇನೆ, ನನಗೇ ಮೈ ಜುಮ್ ಅನ್ನುತ್ತದೆ.

ಉತ್ತರ, ಯಾದಗಿರಿಯಿಂದ:

ಮೇಡಂ ಹೇಳಿದ್ದನ್ನು ಬೋರ್ಡಿನ ಮೇಲೆ ಹೀಗೆ ಮಾಡಿ. ನಾನು ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳುವವನು.

1 ಮೆಗಾ ಓಮ್‌ನ ಪಕ್ಕದಲ್ಲೇ ಒಂದು 1 ಕಿಲೋ ಓಮ್ ಮತ್ತು 1ಎನ್4148 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸಾಲಾಗಿ ಹಾಕಿ. ಡಯೋಡ್‌ನ ಗೆರೆ ಇರುವ ತುದಿ ಔಟ್‌ಪುಟ್ ಕಡೆಗಿರಲಿ. ಆಗ ಕಂಡೆನ್ಸರ್ ನಿಧಾನ ತುಂಬುತ್ತದೆ, ಮಿಲಿಸೆಕೆಂಡ್‌ನಲ್ಲಿ ಖಾಲಿಯಾಗುತ್ತದೆ. ಔಟ್‌ಪುಟ್ ಯಾವಾಗಲೂ ಮೇಲಿದ್ದು, ಸಿಡಿದಾಗ ಮಾತ್ರ ಕ್ಷಣ ಕೆಳಗೆ ಬರುತ್ತದೆ. ಈಗ ಪಕ್ಕದ ಕೋಶದ ಕಂಡೆನ್ಸರ್‌ನಿಂದ ಈ ಔಟ್‌ಪುಟ್‌ಗೆ ಇನ್ನೊಂದು ಡಯೋಡ್, 2.2 ಕಿಲೋ ಓಮ್ ಜೊತೆಗೆ. ಇದು ಸಿಡಿದಾಗ ಪಕ್ಕದ್ದು ತುಂಬಿಕೊಂಡಿದ್ದರಲ್ಲಿ ಸ್ವಲ್ಪ ಸೋರಿ ಹೋಗುತ್ತದೆ. ಅದೇ ತಡೆ. ಆ ಕಡೆಯಿಂದ ಈ ಕಡೆಗೂ ಹಾಗೇ ಹಾಕಿ. ಹಳೆಯ ರೆಸಿಸ್ಟೆನ್ಸ್ ಜೋಡಣೆ ಬಿಚ್ಚಿ. ಎರಡರಿಂದಲೇ ಶುರು ಮಾಡಿ, ಆರಕ್ಕೆ ಕೈ ಹಾಕಬೇಡಿ.

2.2ರ ಜೊತೆಗೆ 50 ಕಿಲೋ ಓಮ್ ವಾಲ್ಯೂಮ್ ಕಂಟ್ರೋಲ್ (ತಿರುಗಿಸಿ ಬದಲಿಸುವ ರೆಸಿಸ್ಟೆನ್ಸ್) ಸೇರಿಸಿದರೆ ತಡೆಯ ಬಲ ಕೈಯಲ್ಲೇ ಇರುತ್ತದೆ. 2.2 ತೆಗೆಯಬೇಡಿ. ತಡೆ ಜಾಸ್ತಿ ಆದರೆ ಒಂದು ಪೂರ್ತಿ ಬಾಯಿ ಮುಚ್ಚಿಬಿಡುತ್ತದೆ.

ಮಧ್ಯಾಹ್ನದ ತೊಂದರೆಗೆ: ನಿಮ್ಮದು ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಇರಬೇಕು. ಬಿಸಿಗೆ ಅದರ ಸೋರಿಕೆ ಏರುತ್ತದೆ. ಮೆಗಾ ಓಮ್‌ನಿಂದ ಬರುವ ಕರೆಂಟೇ ಇಷ್ಟು, ಅದರಲ್ಲೂ ಸೋರಿದರೆ ತುಂಬಲು ಹೊತ್ತು ಹಿಡಿಯುತ್ತದೆ. ಪಾಲಿಯೆಸ್ಟರ್ ಕಂಡೆನ್ಸರ್ ಹಾಕಿ. ನರಕೋಶವೂ ಸೋರುತ್ತದೆ. 1907ರಲ್ಲಿ ಫ್ರಾನ್ಸಿನ ವಿಜ್ಞಾನಿ ಲಾಪಿಕ್ ಅದನ್ನು ಇಂಥದ್ದೇ ಕಂಡೆನ್ಸರ್-ರೆಸಿಸ್ಟೆನ್ಸ್ ಲೆಕ್ಕದಲ್ಲಿ ಬರೆದಿದ್ದರು.

ಮತ್ತೆ ಕಲಬುರಗಿಯಿಂದ:

ಸರ್, ಮೇಡಂ, ಇಬ್ಬರಿಗೂ ಕೈ ಮುಗಿದೆ. ನಿನ್ನೆ ಅಂಗಡಿ ಬಾಗಿಲು ಎಳೆದುಕೊಂಡು ಕೂತೆ. ಕಂಡೆನ್ಸರ್ ಎಲೆಕ್ಟ್ರೋಲಿಟಿಕ್ಕೇ ಇತ್ತು, ಬದಲಿಸಿದೆ. ಮೊದಲ ಸಲ ಡಯೋಡ್ ತಿರುವುಮುರುವು ಹಾಕಿ ಎರಡೂ ಸತ್ತವು. ಬಿಚ್ಚಿ ಮತ್ತೆ ಸೋಲ್ಡರ್ ಮಾಡಿದೆ. ಮೊದಲು ಎರಡೂ ಅಡ್ಡಾದಿಡ್ಡಿ. ಹತ್ತು ಹನ್ನೆರಡು ಪೆಟ್ಟು ಆದ ಮೇಲೆ ಒಂದು ಟಕ್, ಅದರ ಸಂದಿಗೆ ಇನ್ನೊಂದು ಟಕ್. ಒಂದು ಕಡೆಯ ವಾಲ್ಯೂಮ್ ತಿರುಗಿಸಿದೆ. ಎರಡನೆಯದು ಸ್ವಲ್ಪ ಹಿಂದೆ ಸರಿದು, ತಡವಾಗಿ ಬಂದು ನಿಂತಿತು. ನಮ್ಮ ದಪ್ಪಿನ ಕಾಕಾ ಪದದ ಕೊನೆಗೆ ಹಾಗೇ ಎಳೆಯುತ್ತಾರೆ. ಹಾರ್ಮೋನಿಯಂ ತೆಗೆದು ಅದರ ಜೊತೆ ಅರ್ಧ ಗಂಟೆ ನುಡಿಸಿದೆ.

ಈಗ ಮೂರನೆಯದನ್ನು ಸೇರಿಸಬೇಕು. ಮೂರೂ ಒಂದನ್ನೊಂದು ತಡೆಯಬೇಕಾ, ಇಲ್ಲ ಸುತ್ತು ಹಾಕಿ ಒಂದು ಮುಂದಿನದನ್ನು ಮಾತ್ರ ತಡೆದರೆ ಸಾಕಾ?